ಚಹರೆ ಬರೆಯುವ ಪೊಲೀಸರು, ಕೃತ್ಯ ಓದದ ಠಾಣೆಗಳು

1908ರಲ್ಲಿ ಮುಂಬಯಿ ಪ್ರಾಂತ್ಯದ ಹಿರಿಯ ಪೊಲೀಸ್ ಅಧಿಕಾರಿ ಎಂ. ಕೆನಡಿ ಒಂದು ಪುಸ್ತಕ ಹೊರತಂದರು. ಪ್ರಾಂತ್ಯದ 'ಅಪರಾಧಿ ವರ್ಗ'ಗಳ ಬಗೆಗಿನ ಟಿಪ್ಪಣಿಗಳು ಅದರ ತುಂಬ. ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು ಎಂದು ಸಮುದಾಯಗಳ ಹೆಸರು ಹಿಡಿದು, ಅವರ ಉಡುಗೆ ಹೇಗೆ, ಮನೆಮಾತು ಯಾವುದು, ಯಾವ ವೇಷದಲ್ಲಿ ಊರೂರು ತಿರುಗುತ್ತಾರೆ, ಎಂಥ ಅಪರಾಧ ಮಾಡುತ್ತಾರೆ ಎಂದು ಅದು ಫೌಜದಾರರಿಗೆ ತಿಳಿಸಿಕೊಡುತ್ತಿತ್ತು. ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿಗಳೂ ಆಗ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದವು. ಇಂದು ಕ್ರಿಮಿನಲ್ ಪ್ರೊಫೈಲಿಂಗ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ವೆಬ್ ಸರಣಿಗಳಲ್ಲಿ ಕಾಣುವ ಅಮೆರಿಕದ ಎಫ್‌ಬಿಐ ಅಧಿಕಾರಿ. ಹೆಣ ಬಿದ್ದ ಜಾಗವನ್ನು ಒಮ್ಮೆ ನೋಡಿ ಕೊಲೆಗಾರನ ವಯಸ್ಸು, ಉದ್ಯೋಗ, ಬಾಲ್ಯವನ್ನೆಲ್ಲ ಹೇಳಿಬಿಡುವ ಜಾಣ. ಆದರೆ ಅಪರಾಧಿಯ ಚಹರೆಯನ್ನು ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಮನುಷ್ಯನನ್ನು ಹುಡುಕುವ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ಅದರ ಬೆಲೆಯನ್ನು ಇಲ್ಲಿನ ಜನ ತಲೆಮಾರುಗಟ್ಟಲೆ ತೆತ್ತಿದ್ದಾರೆ. ಹಾಗಾಗಿ ಹಿಂಸಾಪರಾಧಿಗಳ ಮನಸ್ಸಿನ ಬಗ್ಗೆ ಈಗ ಹುಟ್ಟಿರುವ ಕುತೂಹಲವನ್ನು ನಾವು ಬೇರೆಯವರಿಗಿಂತ ಹೆಚ್ಚು ಎಚ್ಚರದಿಂದ ನೋಡಬೇಕಾಗಿದೆ. ತನಿಖೆ ಓದಬೇಕಾದದ್ದು ಕೃತ್ಯವನ್ನು. 'ಇಂಥವನು ಇಂಥದ್ದನ್ನು ಮಾಡುತ್ತಾನೆ' ಎಂಬ ಜಾತಕವನ್ನಲ್ಲ.

ಕೆನಡಿಯವರ ಪುಸ್ತಕದ ಬೆನ್ನಿಗೇ ಕಾನೂನಿನ ಬಲವೂ ಬಂತು. 1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1911ರಲ್ಲಿ ಮುಂಬಯಿ, ಮದ್ರಾಸ್ ಪ್ರಾಂತ್ಯಗಳಿಗೂ ವಿಸ್ತರಿಸಲಾಯಿತು. ಒಂದು ಸಮುದಾಯವನ್ನು 'ಅಪರಾಧಿ' ಎಂದು ಸರಕಾರ ಘೋಷಿಸಿದರೆ ಅದರ ಸದಸ್ಯರ ಹೆಸರು ದಾಖಲೆ ಪುಸ್ತಕಕ್ಕೆ ಹೋಗುತ್ತಿತ್ತು. ಬೆರಳಚ್ಚು ಕೊಡಬೇಕು, ಗೊತ್ತುಮಾಡಿದ ಹೊತ್ತಿಗೆ ಹಾಜರಿ ಹಾಕಬೇಕು, ಪರವಾನಗಿ ಇಲ್ಲದೆ ಊರು ಬಿಡುವ ಹಾಗಿಲ್ಲ. ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳಲ್ಲಿ ಇವರಿಗಾಗಿ ಸೆಟ್ಲ್‌ಮೆಂಟುಗಳು, ಅಂದರೆ ಕಾವಲಿನ ವಸತಿಗಳು, ಎದ್ದವು. ಗೋಕಾಕ ಫಾಲ್ಸ್‌ನಲ್ಲಿ 1880ರ ದಶಕದಲ್ಲಿ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ಶುರುವಾದಂತೆ ಈ ಭಾಗದ ಹಲವು ಊರುಗಳಲ್ಲಿ ಹತ್ತಿಯ ಉದ್ಯಮ ಬೆಳೆಯುತ್ತಿದ್ದ ಕಾಲ ಅದು. ಸೆಟ್ಲ್‌ಮೆಂಟಿನ ಜನರನ್ನು ಗಿರಣಿ ಕೆಲಸಕ್ಕೆ ಹಚ್ಚುವುದನ್ನೇ ಆಡಳಿತ 'ಸುಧಾರಣೆ' ಎಂದು ಕರೆಯಿತು. ಸೆಟ್ಲ್‌ಮೆಂಟ್ ಎಂಬ ಹೆಸರು ಹುಬ್ಬಳ್ಳಿ, ಗದಗಗಳ ಬಡಾವಣೆಗಳಿಗೆ ಇವತ್ತಿಗೂ ಅಂಟಿಕೊಂಡಿದೆ. ಮುಂಬಯಿ ಸರಕಾರ 1949ರಲ್ಲಿ ಕಾಯ್ದೆಯನ್ನು ರದ್ದು ಮಾಡಿತು. ದೇಶದಾದ್ಯಂತ ಅದು ಕೊನೆಗೊಂಡದ್ದು 1952ರ ಆಗಸ್ಟ್ 31ರಂದು.

ಆ ಸಮುದಾಯಗಳಲ್ಲಿ ಕಳ್ಳತನ ಮಾಡಿದವರು ಇರಲೇ ಇಲ್ಲವೇ, ಪೊಲೀಸರ ಅನುಭವಕ್ಕೆ ಬೆಲೆಯಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಅಲೆಮಾರಿ ವ್ಯಾಪಾರ, ಬೇಟೆ, ಉಪ್ಪು ಮತ್ತು ಧಾನ್ಯದ ಸಾಗಣೆಯಂಥ ಜೀವನೋಪಾಯಗಳನ್ನು ರೈಲು, ಅರಣ್ಯ ಕಾನೂನು, ಉಪ್ಪಿನ ಕಾನೂನುಗಳು ಒಂದೊಂದಾಗಿ ಕಿತ್ತುಕೊಂಡ ಮೇಲೆ ಕೆಲವರು ಕಳವಿಗೆ ಇಳಿದಿರಬಹುದು. ಆದರೆ ಅದನ್ನು ಸಮುದಾಯದ ಸ್ವಭಾವವೆಂದು ಬರೆದಿಟ್ಟ ಕ್ಷಣದಿಂದ ಪೊಲೀಸರ ಅನುಭವ ಸ್ವತಂತ್ರ ಪುರಾವೆಯಾಗಿ ಉಳಿಯುವುದಿಲ್ಲ. ಎಲ್ಲಿ ಹುಡುಕುತ್ತೀರೋ ಅಲ್ಲಿಯೇ ಸಿಗುತ್ತದೆ; ಹುಡುಕದ ಕಡೆ ಏನಿದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಹಾಜರಿ ತಪ್ಪಿಸಿದರೆ ಅದೂ ಶಿಕ್ಷಾರ್ಹ ಅಪರಾಧವಾಗಿದ್ದರಿಂದ ಕಾಯ್ದೆ ತಾನೇ ಅಪರಾಧಿಗಳನ್ನು ಸೃಷ್ಟಿಸಿ, ಆ ಸಂಖ್ಯೆಯನ್ನೇ ತನ್ನ ಸಮರ್ಥನೆಗೆ ಮುಂದಿಡುತ್ತಿತ್ತು. ಮಗಳ ಮದುವೆಗೆಂದು ಪಕ್ಕದೂರಿಗೆ ಪರವಾನಗಿ ಇಲ್ಲದೆ ಹೋದವನೂ ಪೊಲೀಸ್ ಲೆಕ್ಕದಲ್ಲಿ ಸೇರಿಹೋಗುತ್ತಿದ್ದ.

ಈಗಿನ ಪ್ರೊಫೈಲಿಂಗ್ ಹುಟ್ಟನ್ನು ನೋಡುವುದಿಲ್ಲ, ಮನಸ್ಸನ್ನು ನೋಡುತ್ತದೆ ಎನ್ನುತ್ತಾರೆ. ಈ ವ್ಯತ್ಯಾಸ ನಿಜವಾದದ್ದು, ದೊಡ್ಡದು ಕೂಡ. ಆದರೂ ಅದರ ಅಡಿಪಾಯ ಎಷ್ಟು ಗಟ್ಟಿ ಎಂದು ನೋಡಬೇಕು. ಎಫ್‌ಬಿಐನ ವರ್ತನಾ ವಿಜ್ಞಾನ ವಿಭಾಗ ಶುರುವಾದದ್ದು 1972ರಲ್ಲಿ. ಅಲ್ಲಿನ ರಾಬರ್ಟ್ ರೆಸ್ಲರ್, ಜಾನ್ ಡಗ್ಲಸ್ ಮತ್ತು ಅವರ ಜೊತೆಗೂಡಿದ ಆನ್ ಬರ್ಜೆಸ್ ಲೈಂಗಿಕ ಕೊಲೆಗಳ 36 ಅಪರಾಧಿಗಳ ಸಂದರ್ಶನಗಳನ್ನು ಆಧರಿಸಿ, ಯೋಜನೆ ಹಾಕಿ ಕೊಲ್ಲುವವರು ಮತ್ತು ಅಸ್ತವ್ಯಸ್ತವಾಗಿ ಕೊಲ್ಲುವವರು ಎಂಬ ವಿಂಗಡಣೆಯನ್ನು ಪ್ರಚಾರಕ್ಕೆ ತಂದರು. ಆ 36 ಮಂದಿ ಸಿಕ್ಕಿಬಿದ್ದವರು, ಮಾತಾಡಲು ಒಪ್ಪಿದವರು. ಸಿಗದವರ ಮನಸ್ಸು ಹೇಗಿತ್ತೆಂದು ಅವರಿಂದ ತಿಳಿಯುವುದು ಹೇಗೆ? 2004ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಯಾಂಟರ್ ಮತ್ತು ಸಂಗಡಿಗರು 100 ಸರಣಿ ಕೊಲೆಗಳ ವಿವರಗಳನ್ನು ಇಟ್ಟುಕೊಂಡು ಈ ವಿಂಗಡಣೆಯನ್ನು ಪರೀಕ್ಷಿಸಿದರು. ಎರಡು ಬಗೆಗಳು ಬೇರೆಬೇರೆಯಾಗಿ ಸಿಗಲೇ ಇಲ್ಲ. ಯೋಜನೆಯ ಲಕ್ಷಣಗಳು ಬಹುಪಾಲು ಕೊಲೆಗಳಲ್ಲಿದ್ದವು, ಅಸ್ತವ್ಯಸ್ತತೆ ಅಲ್ಲೊಂದು ಇಲ್ಲೊಂದು ಬೆರೆತಿತ್ತು.

ಹಾಗಿದ್ದರೆ ಹೆಸರಾಂತ ಯಶಸ್ಸುಗಳ ಮಾತೇನು? ನ್ಯೂಯಾರ್ಕಿನಲ್ಲಿ ವರ್ಷಗಟ್ಟಲೆ ಬಾಂಬ್ ಇಡುತ್ತಿದ್ದ ಜಾರ್ಜ್ ಮೆಟೆಸ್ಕಿಯ ಬಗ್ಗೆ 1956ರಲ್ಲಿ ಮನೋವೈದ್ಯ ಜೇಮ್ಸ್ ಬ್ರಸೆಲ್, ಸಿಕ್ಕಾಗ ಅವನು ಗುಂಡಿ ಹಾಕಿದ ಡಬಲ್ ಬ್ರೆಸ್ಟ್ ಕೋಟಿನಲ್ಲಿರುತ್ತಾನೆ ಎಂದದ್ದು ದಂತಕಥೆಯಾಗಿದೆ. ಆದರೆ ಅವನ ಹೆಸರು ಹೊರಬಿದ್ದದ್ದು ಕೋಟಿನಿಂದಲ್ಲ. ವಿದ್ಯುತ್ ಕಂಪನಿಯ ಗುಮಾಸ್ತೆ ಆಲಿಸ್ ಕೆಲಿ ಹಳೆಯ ಪರಿಹಾರದ ಕಡತಗಳನ್ನು ತಿರುವಿಹಾಕುವಾಗ, ಬಾಂಬರನ ಪತ್ರಗಳಲ್ಲಿದ್ದ ಮಾತುಗಳೇ ಒಬ್ಬ ಹಳೆಯ ನೌಕರನ ಅರ್ಜಿಯಲ್ಲೂ ಕಂಡವು. ಇದಕ್ಕೆ ವಿರುದ್ಧವಾದ ಪ್ರಕರಣ ಲಂಡನ್ನಿನದು. 1992ರಲ್ಲಿ ವಿಂಬಲ್ಡನ್ ಮೈದಾನದಲ್ಲಿ ಯುವತಿಯೊಬ್ಬಳ ಕೊಲೆಯಾದಾಗ ಪೊಲೀಸರು ಮನಶ್ಶಾಸ್ತ್ರಜ್ಞರ ಚಹರೆಯನ್ನು ನೆಚ್ಚಿ ಒಬ್ಬ ನಿರಪರಾಧಿಯ ಬೆನ್ನು ಹತ್ತಿದರು. ಮಹಿಳಾ ಅಧಿಕಾರಿಯನ್ನು ಮಾರುವೇಷದಲ್ಲಿ ಕಳಿಸಿ ಅವನ ಬಾಯಿ ಬಿಡಿಸಲು ತಿಂಗಳುಗಟ್ಟಲೆ ಯತ್ನಿಸಿದರು. 1994ರಲ್ಲಿ ನ್ಯಾಯಾಧೀಶರು ಆ ಪುರಾವೆಯನ್ನು ಹೊರಗೆಸೆದರು. ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್ ಅಷ್ಟರೊಳಗೆ, 1993ರಲ್ಲಿ, ಒಬ್ಬ ತಾಯಿಯನ್ನೂ ಅವಳ ಪುಟ್ಟ ಮಗಳನ್ನೂ ಕೊಂದಿದ್ದ. ಮೊದಲ ಕೊಲೆಗೆ ಅವನನ್ನು ಹೊಣೆ ಮಾಡಿದ್ದು 2008ರಲ್ಲಿ, ಡಿಎನ್ಎ ಪುರಾವೆಯ ಬಲದಿಂದ. ತಪ್ಪು ಚಹರೆಯಿಂದ ಒಬ್ಬ ಅಮಾಯಕನಿಗೆ ಮಾತ್ರ ತೊಂದರೆಯಾಗುತ್ತದೆ ಎಂದುಕೊಳ್ಳುವವರು ಆ ತಾಯಿ ಮಗಳನ್ನು ಮರೆಯಬಾರದು.

ನಮ್ಮ ರಾಜ್ಯದ ಅತಿ ಭೀಕರ ಸರಣಿ ಕೊಲೆಗಳನ್ನು ಹತ್ತಿರದಿಂದ ನೋಡಿದರೆ ಚಹರೆಯ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. ಬಂಟ್ವಾಳ ತಾಲ್ಲೂಕಿನ ಮೋಹನ್ ಕುಮಾರ್, ಅಂದರೆ ಜನ ಸಯನೈಡ್ ಮೋಹನ್ ಎಂದು ಕರೆದವನು, ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. 2009ರ ಅಕ್ಟೋಬರ್‌ನಲ್ಲಿ ಸಿಕ್ಕಿಬೀಳುವ ತನಕ ಅವನು ನಡೆಸಿದ ಕೊಲೆಗಳ ಬಗ್ಗೆ 20 ಪ್ರಕರಣಗಳು ವಿಚಾರಣೆಗೆ ಬಂದವು. ಕೊನೆಯದರ ತೀರ್ಪು ಹೊರಬಿದ್ದದ್ದು 2020ರಲ್ಲಿ. ಅವನ ವಿಧಾನ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ವರದಕ್ಷಿಣೆ ಕೊಡಲಾಗದೆ ಮದುವೆ ಮುಂದಕ್ಕೆ ಹೋಗುತ್ತಿದ್ದ ಬಡಮನೆಯ ಹೆಣ್ಣುಮಕ್ಕಳನ್ನು ಆರಿಸುತ್ತಿದ್ದ. ಸುಳ್ಳು ಹೆಸರು ಹೇಳಿ, ನಿಮ್ಮ ಜಾತಿಯವನೇ ಎಂದು ನಂಬಿಸಿ, ಒಡವೆ ಹಾಕಿಕೊಂಡು ಬರಲು ಹೇಳುತ್ತಿದ್ದ. ದೂರದ ಊರಿನ ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕ ಗುಳಿಗೆ ಎಂದು ಸಯನೈಡ್ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಒಡವೆ ಅಷ್ಟರಲ್ಲಿ ಲಾಡ್ಜಿನ ಕೋಣೆಯಲ್ಲೇ ಉಳಿದಿರುತ್ತಿತ್ತು.

ಬಸ್ ನಿಲ್ದಾಣದ ಮಹಿಳಾ ಶೌಚಾಲಯ, ಒಳಗಿನಿಂದ ಚಿಲಕ ಹಾಕಿದ ಬಾಗಿಲು, ಹಬ್ಬದ ಸೀರೆಯುಟ್ಟರೂ ಮೈಮೇಲೆ ಒಡವೆ ಇಲ್ಲದ, ಗುರುತು ಸಿಗದ ಯುವತಿಯ ಹೆಣ. ಮಡಿಕೇರಿ, ಮೈಸೂರು, ಹಾಸನ, ಬೆಂಗಳೂರು ಹೀಗೆ ಬೇರೆಬೇರೆ ಊರುಗಳ ಠಾಣೆಗಳಿಗೆ ಇದು ಬೇರೆಬೇರೆ ದಿನ ಬಂತು. ಪ್ರತಿ ಠಾಣೆಯೂ ಅಸಹಜ ಸಾವಿನ ವರದಿ (ಯುಡಿಆರ್) ಬರೆದು, ಪಂಚನಾಮೆ ಮಾಡಿ, ವಾರಸುದಾರರು ಬಾರದೆ ಕಡತ ಮುಚ್ಚಿತು. ಅವಳ ಊರಿನ ಠಾಣೆಯಲ್ಲಿ ಇದ್ದದ್ದು, ಇದ್ದರೆ, ಕಾಣೆಯಾದವಳ ದೂರು. ಎರಡನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರಿಲ್ಲ. ಇಲ್ಲಿ ಬೇಕಿದ್ದದ್ದು ಕೊಲೆಗಾರನ ಬಾಲ್ಯದ ಬಗೆಗಿನ ಸಿದ್ಧಾಂತವಲ್ಲ. ಒಂದೇ ಬಗೆಯ ಸಾವು ಎಷ್ಟು ಕಡೆ ಸಂಭವಿಸಿದೆ ಎಂದು ಕೇಳುವ ಒಬ್ಬ ಅಧಿಕಾರಿ ಸಾಕಾಗಿತ್ತು. ಕೊನೆಗೆ ಅವನನ್ನು ಹಿಡಿಸಿದ್ದೂ ಬಂಟ್ವಾಳದ ಯುವತಿಯೊಬ್ಬಳು ಕಾಣೆಯಾದಾಗ ಜನ ಎಬ್ಬಿಸಿದ ಗದ್ದಲ ಮತ್ತು ಆಮೇಲೆ ಪೊಲೀಸರು ತಾಳ್ಮೆಯಿಂದ ಬಿಡಿಸಿದ ಮೊಬೈಲ್ ಕರೆಗಳ ಜಾಡು. ಅವನ ಚಹರೆಯನ್ನು ಯಾರಾದರೂ ಮೊದಲೇ ಬರೆದಿದ್ದರೆ ಅದರಲ್ಲಿ ಸಂಸಾರಸ್ಥ ಶಾಲಾ ಮೇಷ್ಟ್ರು ಬರುತ್ತಿದ್ದನೇ? ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಅನುಮಾನ ಯಾರ ಕೇರಿಯ ಕಡೆ ತಿರುಗುತ್ತಿತ್ತು ಎಂದು ಊಹಿಸುವುದೂ ಕಷ್ಟವಲ್ಲ.

ಅತ್ಯಾಚಾರ, ಕೊಲೆಗಳ ಅಪರಾಧಿ ಉಮೇಶ್ ರೆಡ್ಡಿಯ ಪ್ರಕರಣ ಇನ್ನೊಂದು ಬಗೆಯದು. ಇಲ್ಲಿ ಚಹರೆಯ ಅಗತ್ಯವೇ ಇರಲಿಲ್ಲ, ಮನುಷ್ಯ ಗೊತ್ತಿದ್ದವನೇ. ಸಿಆರ್‌ಪಿಎಫ್ ಬಿಟ್ಟು ಬಂದವನು ಚಿತ್ರದುರ್ಗದಲ್ಲಿ ಜಿಲ್ಲಾ ಸಶಸ್ತ್ರ ಮೀಸಲು ಪಡೆ ಸೇರಿಕೊಂಡಿದ್ದ. ಒಂಟಿ ಮಹಿಳೆಯರಿರುವ ಮನೆಗಳನ್ನು ಹಗಲಲ್ಲೇ ಗುರುತಿಸುವುದು, ಹೆಂಗಸರ ಒಳಉಡುಪು ಕದ್ದು ಕೂಡಿಡುವುದು ಎಂಬ ಅವನ ಗುರುತುಗಳು ಕಡತದಲ್ಲೇ ಇದ್ದವು. ಅವನು ಸಿಗುತ್ತಿದ್ದ, ಬಂದೋಬಸ್ತಿನಿಂದ ಮತ್ತೆ ಮತ್ತೆ ತಪ್ಪಿಸಿಕೊಳ್ಳುತ್ತಿದ್ದ. ಇದನ್ನು ಮನಶ್ಶಾಸ್ತ್ರದ ಸೋಲೆನ್ನಲಾಗದು. ನೇಮಕಾತಿಗೆ ಮುಂಚೆ ಹಿನ್ನೆಲೆ ನೋಡದಿರುವುದು, ಕೈಕೋಳದ ನಿರ್ಲಕ್ಷ್ಯ ಇವು ತೀರಾ ಸಾದಾ ತಪ್ಪುಗಳು, ಸಾದಾ ಆಗಿರುವುದರಿಂದಲೇ ಯಾವ ಧಾರಾವಾಹಿಯಲ್ಲೂ ಬರುವುದಿಲ್ಲ. 1998ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಗೆ 2006ರಲ್ಲಿ ಅವನಿಗೆ ಮರಣದಂಡನೆಯಾಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವನನ್ನು ಇಟ್ಟದ್ದು ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ, ಸುಮಾರು ಹತ್ತು ವರ್ಷ ಒಬ್ಬಂಟಿ ಕೋಣೆಯಲ್ಲಿ. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಆ ಒಬ್ಬಂಟಿ ಬಂಧನ ಕಾನೂನುಬಾಹಿರ, ಅದು ಅವನ ಮನಸ್ಸಿನ ಮೇಲೆ ಪರಿಣಾಮ ಮಾಡಿದೆ ಎಂದು ಹೇಳಿ, ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು.

ಈ ತೀರ್ಪು ಬಂದಾಗ ಸಿಟ್ಟಾದವರು ಬಹಳ. ಕೊಂದವನ ಮನಸ್ಸಿನ ಬಗ್ಗೆ ಇಷ್ಟು ಕಾಳಜಿ ಏಕೆ, ಸತ್ತವಳ ಮನೆಯವರ ಮನಸ್ಸಿನ ಕಥೆ ಏನು ಎಂಬ ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆ ಮನೆಯವರಿಗೆ ನಮ್ಮ ವ್ಯವಸ್ಥೆ ಕೊಟ್ಟದ್ದು ಅತ್ಯಲ್ಪ. ಆದರೆ ಅಪರಾಧಿಯ ಮನಸ್ಸನ್ನು ಅರಿಯುವುದೆಂದರೆ ಅವನನ್ನು ಕ್ಷಮಿಸುವುದಲ್ಲ. ಅವನು ಹೊರಗೆ ಬರಲೂ ಇಲ್ಲ. ಮನಶ್ಶಾಸ್ತ್ರಕ್ಕೆ ನಿಜವಾದ ಕೆಲಸವಿರುವುದೇ ಇಲ್ಲಿ, ಹಿಡಿಯುವ ಮುಂಚೆ ಅಲ್ಲ, ಹಿಡಿದ ಮೇಲೆ. 2022ರ ಮೇ ತಿಂಗಳಲ್ಲಿ ಮನೋಜ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮರಣದಂಡನೆ ಕೊಡಬಹುದಾದ ಪ್ರಕರಣಗಳಲ್ಲಿ ಆರೋಪಿಯ ಮಾನಸಿಕ ಸ್ಥಿತಿಯ ವರದಿಯನ್ನು ವಿಚಾರಣಾ ಹಂತದಲ್ಲೇ ತರಿಸಿಕೊಳ್ಳಬೇಕೆಂದು ಹೇಳಿತು. ಅದಕ್ಕೂ ಮೊದಲು, 2010ರ ಮೇ 5ರಂದು, ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ನಾರ್ಕೊ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದಿತ್ತು. ಅದಕ್ಕೆ ಹಿಂದಿನ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ನಾರ್ಕೊ ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಛಾಪಾಕಾಗದ ಹಗರಣದ, ಖಾನಾಪುರ ಮೂಲದ ತೆಲಗಿಯನ್ನೂ ಈ ಪರೀಕ್ಷೆಗೆ ಒಳಪಡಿಸಲಾಗಿತ್ತು. ಮನಸ್ಸಿಗೆ ಸೂಜಿ ಚುಚ್ಚಿ ಸತ್ಯ ಎಳೆಯಬಹುದೆಂಬ ಆ ಉತ್ಸಾಹವೂ ಚಹರೆಯ ಮೋಹದ ಇನ್ನೊಂದು ರೂಪವೇ ಆಗಿತ್ತು.

ಇನ್ನು ನಿತ್ಯದ ಹಿಂಸೆಯ ವಿಷಯ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವಾರ್ಷಿಕ ವರದಿಗಳಲ್ಲಿ ಕೊಲೆಗಳ ಕಾರಣಗಳ ಪೈಕಿ ಮುಂದಿರುವುದು ಜಗಳ ತಂಟೆಗಳು, ಆಮೇಲೆ ವೈಯಕ್ತಿಕ ದ್ವೇಷ. ಜಗಳದ ಮೂಲ ಹೊಲದ ಬದು, ಆಸ್ತಿಯ ಪಾಲು, ಕುಡಿತದ ನಡುವೆ ಎದ್ದ ಮಾತು ಎಂಬುದನ್ನು ನಮ್ಮ ತಾಲ್ಲೂಕುಗಳ ಪೊಲೀಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಥ ಕೊಲೆಗಳಲ್ಲಿ ಕೊಂದವನು ಯಾರೆಂಬುದು ಸಂಜೆಯೊಳಗೆ ಊರಿಗೇ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು, ಮೂರು ಸಲ ಠಾಣೆಗೆ ಬಂದು ಗಂಡನ ಹೊಡೆತದ ದೂರು ಕೊಟ್ಟವಳನ್ನು 'ಹೊಂದಿಕೊಂಡು ಹೋಗವ್ವಾ' ಎಂದು ಕಳಿಸಿದ್ದರ ಹೊಣೆ ಯಾರದೆಂಬುದು. ಮುಂದಿನ ಹಿಂಸೆಯ ಬಗ್ಗೆ ಮನಶ್ಶಾಸ್ತ್ರ ಸ್ವಲ್ಪವಾದರೂ ಭರವಸೆಯಿಂದ ಹೇಳಬಲ್ಲ ಮಾತೆಂದರೆ ಹಿಂದಿನ ಹಿಂಸೆಯೇ ಅದರ ದೊಡ್ಡ ಸೂಚನೆ ಎಂಬುದು. ಜಾತಿಯಲ್ಲ, ಮುಖವಲ್ಲ, ಕಸುಬಲ್ಲ.

ಅಪರಾಧಿ ಬುಡಕಟ್ಟುಗಳ ಕಾಯ್ದೆ ಹೋದರೂ ಅಭ್ಯಾಸ ಹೋಗಿಲ್ಲ ಎಂಬುದಕ್ಕೆ ಒಂದು ಸಾಕ್ಷಿ 2024ರ ಅಕ್ಟೋಬರ್ 3ರ ತೀರ್ಪು. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್, ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಜಾತಿಯ ಮೇಲೆ ಕೆಲಸ ಹಂಚುವ, ಆ ಕಾಯ್ದೆಯಿಂದ ಬಿಡುಗಡೆಯಾದ ವಿಮುಕ್ತ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳಂತೆ ಕಾಣುವ ನಿಯಮಗಳನ್ನು ಅಸಾಂವಿಧಾನಿಕ ಎಂದು ಹೊಡೆದುಹಾಕಿತು. ಸ್ವಾತಂತ್ರ್ಯ ಬಂದು 77 ವರ್ಷಗಳ ಮೇಲೆ ಇದನ್ನು ಕೋರ್ಟು ಹೇಳಬೇಕಾಯಿತು.

ಠಾಣೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್ ಜಾಲಕ್ಕೆ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟದ್ದು ಮೋಹನ್ ಸಿಕ್ಕಿಬಿದ್ದ 2009ರಲ್ಲೇ. ಸಾಧನ ಇದೆ, ಅದನ್ನು ಯಾತಕ್ಕೆ ಬಳಸುತ್ತೇವೆ ಎಂಬುದು ಉಳಿದ ಪ್ರಶ್ನೆ. ನಮ್ಮ ಗಡಿಯನ್ನೇ ನೋಡಿ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಮಹಾರಾಷ್ಟ್ರದ ಗಡಹಿಂಗ್ಲಜಕ್ಕೆ ಹೆಚ್ಚು ದೂರವಿಲ್ಲ. ಆ ಕಡೆಯಿಂದಲೇ ಹರಿದು ಬರುವ ಹಿರಣ್ಯಕೇಶಿ ಘಟಪ್ರಭೆಯನ್ನು ಕೂಡುತ್ತದೆ. ಪುಣೆ–ಬೆಂಗಳೂರು ಹೆದ್ದಾರಿ ಸಂಕೇಶ್ವರದ ಮೇಲೆಯೇ ಹಾದುಹೋಗುತ್ತದೆ. ಕಾಣೆಯಾದ ಹುಡುಗಿಯ ದೂರು ಅಲ್ಲಿ ಮರಾಠಿಯಲ್ಲಿ, ಕಾಲುವೆಯಲ್ಲಿ ಸಿಕ್ಕ ಹೆಣದ ಯುಡಿಆರ್ ಇಲ್ಲಿ ಕನ್ನಡದಲ್ಲಿ ದಾಖಲಾಗುತ್ತದೆ. ಅಪರಾಧಿಯ ಮನಸ್ಸು ಓದುವ ತಜ್ಞರನ್ನು ಕರೆಸುವುದಕ್ಕೆ ಮೊದಲು, ಗೋಕಾಕ, ಮೂಡಲಗಿ, ಹುಕ್ಕೇರಿಗಳ ಗುರುತು ಸಿಗದ ಹೆಣಗಳ ಕಡತಗಳನ್ನೂ ಗಡಿಯಾಚೆಯ ಕಾಣೆಯಾದವರ ಪಟ್ಟಿಯನ್ನೂ ತಿಂಗಳಿಗೊಮ್ಮೆ ಅಕ್ಕಪಕ್ಕ ಇಟ್ಟು ನೋಡಲು, ಎರಡೂ ಭಾಷೆ ಬಲ್ಲ ಒಬ್ಬ ಎಎಸ್ಐಯನ್ನು ಜಿಲ್ಲಾ ಪೊಲೀಸ್ ನೇಮಿಸಲಿ. ಅಂಥವರಿಗೆ ಬೆಳಗಾವಿ ಜಿಲ್ಲೆಯಲ್ಲಿ ಬರವಿಲ್ಲ.