ಕಿರು ಮೈಕ್ರೋಕಂಟ್ರೋಲರಿನಲ್ಲಿ ನೇರ ಸ್ಮೃತಿ ಪ್ರವೇಶ: ಧ್ವನಿಮುದ್ರಣದ ನೆಲೆಯಿಂದ

ಮಲೆ ಮಾದೇಶ್ವರ ಕಾವ್ಯವನ್ನು ಕಂಸಾಳೆಯವರು ಇರುಳೆಲ್ಲ ಹಾಡುವಾಗ ಧ್ವನಿಮುದ್ರಣದಿಂದ ಒಂದು ಪದ ಜಾರಿಹೋದರೆ ಅದನ್ನು ಮರಳಿ ಪಡೆಯುವ ಬಗೆಯಿಲ್ಲ. ಅದೇ ಗಾಯಕ ಮತ್ತೊಮ್ಮೆ ಹಾಡಿದರೂ ಅದು ಬೇರೊಂದು ಪಠ್ಯ. ಟೇಪಿನ ಕಾಲದಲ್ಲಿ ಸುರುಳಿ ನಿಂತರೆ ಕಣ್ಣಿಗೆ ಕಾಣುತ್ತಿತ್ತು. ಅಂಕೀಯ ಮುದ್ರಣದಲ್ಲಾದರೋ ನಡುವಿನ ತುಣುಕು ಬಿಟ್ಟುಹೋದಾಗ ಅದರ ಎರಡು ಅಂಚುಗಳು ಕೂಡಿಕೊಂಡುಬಿಡುತ್ತವೆ. ಕಂಚಿನ ತಾಳದ ಸದ್ದಿನೊಳಗೆ ಆ ಬೆಸುಗೆಯನ್ನು ಗುರುತಿಸುವುದು ಕಷ್ಟ. ಅಗ್ಗದ ಮೈಕ್ರೋಕಂಟ್ರೋಲರುಗಳಿಂದ ಮುದ್ರಣಯಂತ್ರವನ್ನು ಕಟ್ಟಿಕೊಳ್ಳುವುದು ಸಾಧ್ಯವಾಗಿರುವ ಈ ಹೊತ್ತಿನಲ್ಲಿ, ಇಂಥ ನಷ್ಟ ಎಲ್ಲಿ ಹುಟ್ಟುತ್ತದೆ ಎಂಬುದು ಪರಿಶೀಲನೆಗೆ ಯೋಗ್ಯವಾದ ವಿಷಯ.

ಎಸ್‌ಟಿಎಂ32ಎಫ್103ಸಿ8 ಎಂಬ ಪ್ರಸಿದ್ಧ ಚಿಪ್ಪನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಗಡಿಯಾರದ ವೇಗ 72 ಮೆಗಾಹರ್ಟ್ಸ್, ಕಾರ್ಯಸ್ಮೃತಿ ಕೇವಲ 20 ಕಿಲೋಬೈಟ್. ಸೆಕೆಂಡಿಗೆ 44,100 ಮಾದರಿಗಳಂತೆ ಧ್ವನಿಯನ್ನು ಅಳೆದರೆ ಪ್ರತಿ 22.7 ಮೈಕ್ರೋಸೆಕೆಂಡಿಗೆ ಒಂದು ಸಂಖ್ಯೆ ಬಂದು ನಿಲ್ಲುತ್ತದೆ. ಸಂಸ್ಕಾರಕವೇ ಪ್ರತಿಯೊಂದನ್ನೂ ಎತ್ತಿಡಬೇಕಾದರೆ ಅದು ಸೆಕೆಂಡಿಗೆ 44,100 ಸಲ ಕೈಗೆತ್ತಿಕೊಂಡ ಕೆಲಸವನ್ನು ಬಿಟ್ಟು ಓಡಬೇಕು. ನೇರ ಸ್ಮೃತಿ ಪ್ರವೇಶ, ಅಂದರೆ ಡಿಎಂಎ, ಈ ಓಡಾಟವನ್ನು ತಪ್ಪಿಸುವ ಪ್ರತ್ಯೇಕ ಯಂತ್ರಾಂಗ. ಕಣದಿಂದ ಹಗೇವಿಗೆ ಧಾನ್ಯ ಹೊರುವ ಆಳಿಗೆ ಇದನ್ನು ಹೋಲಿಸಬಹುದು: ಎಲ್ಲಿಂದ, ಎಲ್ಲಿಗೆ, ಎಷ್ಟು ಮೂಟೆ ಎಂದು ಮೊದಲೇ ತಿಳಿಸಿದರೆ ಯಜಮಾನನನ್ನು ಮತ್ತೆ ಕರೆಯದೆ ಕೆಲಸ ಸಾಗುತ್ತದೆ. ಆರ್ಡ್ವಿನೋ ಉನೋ ಫಲಕದ ಎಟಿಮೆಗಾ328ಪಿಯಲ್ಲಿ ಈ ಆಳೇ ಇಲ್ಲ. ಮೇಲಿನ ಚಿಪ್ಪಿನಲ್ಲಿ ಏಳು ವಾಹಿನಿಗಳಿವೆ.

ಮುದ್ರಣಕ್ಕೆ ಒದಗುವುದು ಚಕ್ರಾಕಾರದ ವಿಧಾನ. 16 ಕಿಲೋಬೈಟಿನ ಒಂದು ಸಂಗ್ರಹಸ್ಥಾನವನ್ನು ಎರಡು ಭಾಗವಾಗಿ ಕಲ್ಪಿಸಿಕೊಳ್ಳಲಾಗುತ್ತದೆ. ಮೊದಲರ್ಧ ತುಂಬಿದಾಗ ಡಿಎಂಎ ಒಂದು ಸೂಚನೆ ಕೊಡುತ್ತದೆ, ಪೂರ್ತಿ ತುಂಬಿದಾಗ ಇನ್ನೊಂದನ್ನು. ಬಳಿಕ ಆರಂಭಕ್ಕೆ ಮರಳಿ ಹಳೆಯದರ ಮೇಲೆಯೇ ಬರೆಯತೊಡಗುತ್ತದೆ. ಒಂದರ್ಧ ತುಂಬುತ್ತಿರುವಾಗ ಇನ್ನೊಂದರ್ಧವನ್ನು ಸಂಸ್ಕಾರಕ ಸ್ಮೃತಿಕಾರ್ಡಿಗೆ ಬರೆದು ಮುಗಿಸಬೇಕು.

ತೊಡಕು ಇರುವುದು ಇಲ್ಲಿಯೇ. ಮಾದರಿಯೊಂದಕ್ಕೆ 2 ಬೈಟಿನಂತೆ ಸೆಕೆಂಡಿಗೆ 88,200 ಬೈಟ್ ಬರುವುದರಿಂದ 8 ಕಿಲೋಬೈಟಿನ ಅರ್ಧ ಸುಮಾರು 93 ಮಿಲಿಸೆಕೆಂಡಿನಲ್ಲಿ ತುಂಬಿಬಿಡುತ್ತದೆ. ಎಸ್‌ಡಿಎಚ್‌ಸಿ ಕಾರ್ಡಾದರೋ ಒಂದು ಬರವಣಿಗೆಯಲ್ಲಿ 250 ಮಿಲಿಸೆಕೆಂಡಿನವರೆಗೆ ಕಾಯಿಸಬಹುದು. ಅದರ ನಿಯಮಾವಳಿಯೇ ಅಷ್ಟು ಅವಕಾಶ ಕೊಟ್ಟಿದೆ. ಬಹುಪಾಲು ಬರವಣಿಗೆಗಳು ಬೇಗ ಮುಗಿಯುತ್ತವೆ, ಆದ್ದರಿಂದ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅಪರೂಪಕ್ಕೊಮ್ಮೆ ಕಾರ್ಡು ತಡೆದಾಗ, ಇನ್ನೂ ಉಳಿಸದ ಅರ್ಧದ ಮೇಲೆ ಹೊಸ ಧ್ವನಿ ಬಂದು ಕೂರುತ್ತದೆ. ಹಗೇವು ಖಾಲಿಯಾಗಿದೆಯೇ ಎಂದು ಆಳು ನೋಡುವುದಿಲ್ಲ. ಹೇಳಿದ ಮೂಟೆಗಳ ಲೆಕ್ಕವೇ ತಪ್ಪಿದ್ದರೆ ಪಕ್ಕದ ಸ್ಮೃತಿಯನ್ನೂ ಅಷ್ಟೇ ನಿಷ್ಠೆಯಿಂದ ಕೆಡಿಸುತ್ತದೆ!

ಮಾದರಿಗಳನ್ನು ಸೆಕೆಂಡಿಗೆ 16,000ಕ್ಕೆ ಇಳಿಸಿದರೆ ಅದೇ ಅರ್ಧ 256 ಮಿಲಿಸೆಕೆಂಡು ತಾಳುತ್ತದೆ. ಉಳಿಯುವ ಅಂಚು 6 ಮಿಲಿಸೆಕೆಂಡು ಮಾತ್ರ. ಆಗ 8 ಕಿಲೋಹರ್ಟ್ಸಿಗಿಂತ ಮೇಲಿನ ಧ್ವನಿಯನ್ನು ಕೈಬಿಡಬೇಕಾಗುತ್ತದೆ. ಮಾತಿಗೆ ಇದು ಸಾಕು, ಕಂಸಾಳೆಯ ಝೇಂಕಾರಕ್ಕೆ ಸಾಲದು. 2021ರಲ್ಲಿ ಬಂದ ಆರ್‌ಪಿ2040ರಲ್ಲಿ 264 ಕಿಲೋಬೈಟ್ ಸ್ಮೃತಿಯಿದೆ. ಅಲ್ಲಿ 96 ಕಿಲೋಬೈಟಿನ ಎರಡು ಭಾಗಗಳನ್ನಿರಿಸಿದರೆ 44,100ರ ವೇಗದಲ್ಲಿಯೂ ಒಂದೊಂದು ಭಾಗ 1.1 ಸೆಕೆಂಡು ತಾಳುತ್ತದೆ. ಸಂಸ್ಕಾರಕದ ವೇಗಕ್ಕಿಂತ ಸ್ಮೃತಿಯ ವಿಸ್ತಾರವೇ ಇಲ್ಲಿ ನಿರ್ಣಾಯಕ ಎನ್ನಬೇಕು.

ಸ್ಮೃತಿ ಹೆಚ್ಚಿದರೂ ಎಣಿಕೆಯನ್ನು ಬಿಡಲಾಗದು. ತುಂಬಿದ ಅರ್ಧಗಳಿಗೊಂದು, ಕಾರ್ಡಿಗೆ ಬರೆದ ಅರ್ಧಗಳಿಗೊಂದು ಲೆಕ್ಕವಿರಿಸಿ, ಅವುಗಳ ಅಂತರ ಒಂದನ್ನು ಮೀರಿದಾಗ ಆ ಕ್ಷಣವನ್ನು ಕಡತದಲ್ಲಿ ಗುರುತಿಸುವುದಕ್ಕೆ ತಗಲುವುದು ಕೆಲವೇ ಸಾಲುಗಳ ಆದೇಶ. ಹಸ್ತಪ್ರತಿಯ ಸಂಪಾದಕರು ಗ್ರಂಥಪಾತವಾದೆಡೆ ಚುಕ್ಕಿಗಳನ್ನಿಡುವಂತೆ, ಧ್ವನಿಪಠ್ಯದಲ್ಲಿ ಲೋಪವಾದೆಡೆ ಯಂತ್ರವೇ ಈ ಗುರುತನ್ನು ಇಟ್ಟುಕೊಡುತ್ತದೆ. ಲಿಪ್ಯಂತರಕ್ಕೆ ಕೂತವರು ಅಲ್ಲಿ ಗಾಯಕನ ಮರೆವನ್ನು ಊಹಿಸುವ ಪ್ರಮೇಯ ಬರುವುದಿಲ್ಲ.