ರಾತ್ರಿಯ ಕಬ್ಬು ಸಾಗಣೆ ಮತ್ತು ಟ್ರ್ಯಾಕ್ಟರಿನ ದೀಪಗಳು



ಕಡಿದ ಕಬ್ಬು ಹೊಲದಲ್ಲಿ ಬಿದ್ದಷ್ಟೂ ಅದರ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. 24 ತಾಸಿನೊಳಗೆ ಕಬ್ಬು ಗವಾಣಿಗೆ ಬೀಳಬೇಕೆಂದು ನಾವೇ ತಮಗೆ ಮೇಲಿಂದ ಮೇಲೆ ಹೇಳುತ್ತ ಬಂದಿದ್ದೇವೆ. ಆದ್ದರಿಂದ ಗಳಿತ ಹಂಗಾಮಿನಲ್ಲಿ ರಾತ್ರಿಯ ಸಾಗಣೆ ತಪ್ಪಿದ್ದಲ್ಲ. ಟೋಳಿಯವರು ಹಗಲೆಲ್ಲ ಕಡಿದು ಹೊತ್ತು ಮುಳುಗುವ ವೇಳೆಗೆ ಹೇರುವುದನ್ನು ಮುಗಿಸುತ್ತಾರೆ. ಟ್ರ್ಯಾಕ್ಟರು ರಸ್ತೆಗೆ ಬರುವಾಗ ಕತ್ತಲಾಗಿರುತ್ತದೆ. ಉಮದಿ, ಸಂಖ, ಮಾಡಗ್ಯಾಳ ಕಡೆಯ ದಾರಿಗಳಲ್ಲಿ ಊರು ದಾಟಿದರೆ ಬೀದಿದೀಪ ಸಿಗುವುದಿಲ್ಲ. ಒಳದಾರಿ ಮುಗಿಸಿ ಜತ್ತ–ವಿಜಯಪುರ ಹೆದ್ದಾರಿ ಹತ್ತಿದರೆ ಹಿಂದೆ ಮುಂದೆ ಜೋರಾಗಿ ಓಡುವ ಗಾಡಿಗಳು.

"ಸಾಹೇಬರ, ಹೆಡ್‌ಲೈಟಿನ ಬೆಳಕು ಸಾಲವಲ್ದು, ದೊಡ್ಡ ಬಲ್ಬ್ ಹಾಕಸ್ಲೇನ್ರಿ?" ಎಂದು ಹಂಗಾಮಿನ ಮುಂಚೆ ಅನೇಕರು ಕೇಳುತ್ತಾರೆ. ಕೂಡಲೇ ಹಾಕಿಸಬೇಡಿರಿ ಎಂಬುದೇ ನಮ್ಮ ಉತ್ತರ. ಮೊದಲು ಈಗಿರುವ ಬಲ್ಬಿಗೆ ಬರಬೇಕಾದ ಕರೆಂಟು ಪೂರ್ತಿ ಬರುತ್ತಿದೆಯೇ ನೋಡಿರಿ.

ಹ್ಯಾಲೊಜನ್ ಬಲ್ಬಿನ ಸ್ವಭಾವ ವಿಚಿತ್ರವಾದುದು. ಅದಕ್ಕೆ ಸಿಗುವ ವೋಲ್ಟೇಜು ನೂರಕ್ಕೆ 10ರಷ್ಟು ಕಡಿಮೆಯಾದರೆ ಬೆಳಕು ನೂರಕ್ಕೆ 10 ಕಡಿಮೆಯಾಗುವುದಿಲ್ಲ, ಸುಮಾರು 30 ಕಡಿಮೆಯಾಗುತ್ತದೆ. ವೋಲ್ಟೇಜು 20ರಷ್ಟು ಇಳಿದರೆ ಉಳಿಯುವ ಬೆಳಕು ಅರ್ಧಕ್ಕಿಂತ ಕಡಿಮೆ. ಎಂಜಿನ್ ಚಾಲೂ ಇಟ್ಟು, ದೀಪ ಹಚ್ಚಿ, ಬ್ಯಾಟರಿಯ ಎರಡು ತುದಿಗಳಲ್ಲಿ ಮೀಟರು ಹಿಡಿದು ನೋಡಿರಿ. ಆಮೇಲೆ ಬಲ್ಬಿನ ಹಿಂದಿನ ಪಿನ್ನಿನಲ್ಲಿ ಹಿಡಿದು ನೋಡಿರಿ. ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದು ಬಲ್ಬಿನಲ್ಲಿ 12.1 ತೋರಿಸಿದರೆ ತಮ್ಮ ಬೆಳಕಿನ ಮೂರನೆಯ ಒಂದು ಪಾಲು ವಾಯರಿನಲ್ಲಿಯೇ ಹೋಯಿತೆಂದು ತಿಳಿಯಿರಿ. ಕಾಲುವೆಯ ಬಾಯಿಯಲ್ಲಿ ಬಿಟ್ಟ ನೀರು ಕೊನೆಯ ಹೊಲ ಮುಟ್ಟದಂತೆ ಇದು.

ಎಲ್ಲಿ ಸೋರುತ್ತದೆ? ಎರಡು ಹೆಡ್‌ಲೈಟಿಗೆ 60 ವ್ಯಾಟಿನಂತೆ 120 ವ್ಯಾಟು, ಅಂದರೆ ಸುಮಾರು 10 ಆಂಪಿಯರು. ಇಷ್ಟೂ ಕರೆಂಟು ಬ್ಯಾಟರಿಯಿಂದ ಹೊರಟು ಕೀಲಿ, ದೀಪದ ಸ್ವಿಚ್ಚು, ಡಿಪ್ಪರ್ ಸ್ವಿಚ್ಚು ಇವುಗಳನ್ನು ಸುತ್ತಿಕೊಂಡು ಸಣ್ಣ ವಾಯರಿನಲ್ಲಿ ಬರುತ್ತದೆ. ನಡುವೆ ಯಾರೋ ಕೈಯಿಂದ ತಿರುವಿ ಟೇಪು ಸುತ್ತಿದ ನಾಲ್ಕು ಜೋಡಣೆಗಳು ಬೇರೆ. ಇದಕ್ಕೆ ಉಪಾಯ ರಿಲೇ. ಡಿಪ್ಪರಿಗೊಂದು, ಅಪ್ಪರಿಗೊಂದು ರಿಲೇ ಹಾಕಿ, ಬ್ಯಾಟರಿಯಿಂದ ನೇರವಾಗಿ 2.5 ಚದರ ಮಿಲಿಮೀಟರಿನ ತಾಮ್ರದ ವಾಯರು ಎಳೆಯಬೇಕು. ಬ್ಯಾಟರಿಯ ಹತ್ತಿರವೇ ಒಂದೊಂದಕ್ಕೂ 15 ಆಂಪಿಯರಿನ ಫ್ಯೂಜು ಇರಬೇಕು. ಹೀಗೆ ಮಾಡಿದರೆ ಹಳೆಯ ಸ್ವಿಚ್ಚಿನ ಕೆಲಸ ರಿಲೇಯನ್ನು ಎಬ್ಬಿಸುವುದಷ್ಟೇ. ಭಾರವೆಲ್ಲ ದಪ್ಪ ವಾಯರಿನ ಮೇಲೆ ಬೀಳುತ್ತದೆ. ಸ್ವಿಚ್ಚು ಕಾದು ಕರಗುವುದೂ ನಿಲ್ಲುತ್ತದೆ.

ಅರ್ಥಿಂಗಿನ ಕಡೆಗೆ ಮೇಸ್ತ್ರಿಗಳ ಲಕ್ಷ್ಯ ಕಡಿಮೆ. ಹೆಡ್‌ಲೈಟು ಬಾನೆಟ್ಟಿಗೆ ಕೂತಿದ್ದರೆ ಕರೆಂಟು ಮರಳಿ ಹೋಗಬೇಕಾದದ್ದು ಬಾನೆಟ್ಟಿನ ಬಿಜಾಗರಿಯ ಮೂಲಕ. ಅಲ್ಲಿ ಬಣ್ಣ, ಜಂಗು, ಗ್ರೀಸು, ಧೂಳು. ದೀಪದಿಂದ ಚಾಸಿಗೆ ಬೇರೆಯೇ ಒಂದು ವಾಯರು ಹಾಕಿಸಿ, ಬೋಲ್ಟಿನ ಬುಡದ ಬಣ್ಣ ಕೆರೆಸಿರಿ. ಸೈಡ್ ಇಂಡಿಕೇಟರು ಹಾಕಿದಾಗ ಹೆಡ್‌ಲೈಟೂ ಮಿಣುಕಿದರೆ ಅರ್ಥಿಂಗೇ ಕೆಟ್ಟಿದೆ ಎನ್ನಲು ಅಡ್ಡಿಯಿಲ್ಲ.

ಇಷ್ಟು ಮಾಡಿಯೂ ಬೆಳಕು ಮಂಕಾಗಿದ್ದರೆ ಒಳಗಿನ ರಿಫ್ಲೆಕ್ಟರನ್ನು ನೋಡಿರಿ. ಕನ್ನಡಿಯಂತೆ ಹೊಳೆಯಬೇಕಾದದ್ದು ಬೂದಿ ಬಣ್ಣಕ್ಕೆ ತಿರುಗಿದ್ದರೆ ಒರೆಸಿ ಉಪಯೋಗವಿಲ್ಲ, ಒರೆಸಿದರೆ ಇದ್ದದ್ದೂ ಹೋಗುತ್ತದೆ. ಇಡೀ ದೀಪವನ್ನೇ ಬದಲಿಸಬೇಕು. ಹಳೆಯ ಟ್ರ್ಯಾಕ್ಟರಿನಲ್ಲಿ 45/40 ವ್ಯಾಟಿನ ಸಾದಾ ಬಲ್ಬು ಇದ್ದವರು ಈ ಸಂದರ್ಭದಲ್ಲಿಯೇ ಎಚ್-4 ಹ್ಯಾಲೊಜನ್ ಬಲ್ಬಿನ ಪೂರ್ಣ ದೀಪ ಹಾಕಿಸಿಕೊಳ್ಳುವುದು ಲೇಸು. 1971ರಲ್ಲಿ ಬಂದ ಈ ಬಲ್ಬಿನಲ್ಲಿ ಅಪ್ಪರ್ 60 ವ್ಯಾಟು, ಡಿಪ್ಪರ್ 55 ವ್ಯಾಟು. ಬಲ್ಬಿನ ಗಾಜಿಗೆ ಬೆರಳು ತಾಗಿಸಬಾರದು. ಕೈಯ ಜಿಡ್ಡು ಹತ್ತಿದ ಜಾಗ ಕಾದು ಬಲ್ಬು ಬೇಗ ಹೋಗುತ್ತದೆ.

ಪೇಟೆಯಲ್ಲಿ 100/90 ವ್ಯಾಟಿನ ಬಲ್ಬು ಸಿಗುತ್ತದೆ. ಅದು ಹೋಲ್ಡರನ್ನು ಕರಗಿಸಿ ರಿಫ್ಲೆಕ್ಟರನ್ನು ಸುಡುತ್ತದೆ, ಸಣ್ಣ ವಾಯರಿನಲ್ಲಿ ಇನ್ನೂ ಹೆಚ್ಚು ವೋಲ್ಟೇಜು ಕಳೆಯುತ್ತದೆ. ಹ್ಯಾಲೊಜನ್ ದೀಪದೊಳಗೆ ಎಲ್‌ಇಡಿ ಬಲ್ಬು ಕೂಡ್ರಿಸುವ ರೂಢಿಯೂ ಈಗ ಬಂದಿದೆ. ಎಲ್‌ಇಡಿ ಕೆಟ್ಟದ್ದಲ್ಲ, ಕಂಪನಿಯಿಂದಲೇ ಎಲ್‌ಇಡಿ ದೀಪ ಬಂದಿದ್ದರೆ ಬಹಳ ಒಳ್ಳೆಯದು, ಕರೆಂಟೂ ಕಡಿಮೆ ತಿನ್ನುತ್ತದೆ. ಆದರೆ ಹ್ಯಾಲೊಜನ್ ರಿಫ್ಲೆಕ್ಟರನ್ನು ರೂಪಿಸಿದ್ದು ಕೂದಲೆಳೆಯಂಥ ತಂತಿ ಉರಿಯುವ ಒಂದೇ ಜಾಗಕ್ಕಾಗಿ. ಬೆಳಕು ಹುಟ್ಟುವ ಜಾಗ ಸ್ವಲ್ಪ ಸರಿದರೂ ಅದು ದಾರಿ ಬಿಟ್ಟು ಎಲ್ಲ ಕಡೆಗೆ ಚೆಲ್ಲುತ್ತದೆ. ಹತ್ತಿರದ ನೆಲ ಹಾಲು ಚೆಲ್ಲಿದಂತೆ ಕಾಣುವುದರಿಂದ ಡ್ರೈವರನಿಗೆ ಸಮಾಧಾನ; ದೂರದ್ದು ಮಾತ್ರ ಮೊದಲಿಗಿಂತ ಕಾಣುವುದಿಲ್ಲ, ಎದುರಿನವನ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಮೇಲೆ ಕಟ್ಟುವ ಎಲ್‌ಇಡಿ ಪಟ್ಟಿ ದೀಪ ಹೊಲದ ಕೆಲಸಕ್ಕೆ ಇರಲಿ, ರಸ್ತೆಗೆ ಬಂದಾಗ ಆರಿಸಿರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದಿನ 155 ಮೀಟರು ಕಾಣುವಷ್ಟು ಬೆಳಕು ಬೇಕೆನ್ನುತ್ತವೆ. ಆ ಬೆಳಕು ಎದುರಿನವರ ಕಣ್ಣು ಕುಕ್ಕದಂತೆ ಕೆಳಗೆ ಬಾಗಿರಬೇಕೆಂದೂ ಅವೇ ಹೇಳುತ್ತವೆ.

ಹೇರಿದ ಮೇಲೆ ದೀಪ ಎತ್ತ ನೋಡುತ್ತದೆ?

ನಮ್ಮ ಕಬ್ಬಿನ ಟ್ರ್ಯಾಕ್ಟರುಗಳ ವಿಶೇಷ ತೊಂದರೆ ಇದು. ಖಾಲಿ ಇದ್ದಾಗ ದೀಪ ಸರಿಯಾಗಿರುತ್ತದೆ. ಟ್ರೇಲರು ಹೇರಿ ಜಗ್ಗಲಾರಂಭಿಸಿದೊಡನೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಎರಡು ಗಾಲಿಯ ಟ್ರೇಲರಾದರೆ ಕೊಕ್ಕೆಯ ಮೇಲೆಯೇ ಭಾರ ಬೀಳುವುದರಿಂದ ಇನ್ನೂ ಹೆಚ್ಚು.

ಲೆಕ್ಕ ನೋಡಿರಿ. ದೀಪ ನೆಲದಿಂದ 1 ಮೀಟರು ಎತ್ತರದಲ್ಲಿದೆ, ಡಿಪ್ಪರಿನ ಬೆಳಕು 10 ಮೀಟರಿಗೆ 10 ಸೆಂಟಿಮೀಟರು ಇಳಿಯುವಂತೆ ಕೂಡ್ರಿಸಿದೆ ಎನ್ನೋಣ. ಆಗ ಅದು 100 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಮೂತಿ ಒಂದೇ ಒಂದು ಡಿಗ್ರಿ ಎದ್ದರೆ 10 ಮೀಟರಿಗೆ 17 ಸೆಂಟಿಮೀಟರು ಏರಿತು. ಈಗ ಬೆಳಕು ನೆಲವನ್ನು ಮುಟ್ಟುವುದೇ ಇಲ್ಲ, ಬೇವಿನ ಗಿಡದ ತುದಿಗೆ ಹೋಗುತ್ತದೆ. ತಾವು ಡಿಪ್ಪರ್ ಹೊಡೆದರೂ ಎದುರಿನ ಮೋಟಾರ್ ಸೈಕಲ್ಲಿನವನಿಗೆ ಅದು ಅಪ್ಪರೇ.

ಆದುದರಿಂದ ಹೇರಿದ ಟ್ರೇಲರು ಕಟ್ಟಿಕೊಂಡೇ ದೀಪ ಹೊಂದಿಸಬೇಕು. ಸಮನೆಲದಲ್ಲಿ ಗೋಡೆಗೆ 10 ಮೀಟರು ದೂರ ನಿಲ್ಲಿಸಿ, ದೀಪದ ನಡುಮಧ್ಯದ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯಿರಿ. ಡಿಪ್ಪರಿನ ಬೆಳಕಿನ ಮೇಲಂಚು ಆ ಗೆರೆಗಿಂತ 15ರಿಂದ 20 ಸೆಂಟಿಮೀಟರು ಕೆಳಗೆ ಬರುವಂತೆ ಸ್ಕ್ರೂ ತಿರುವಿರಿ. ಜಗ್ಗುವಾಗ ಇನ್ನಷ್ಟು ಏಳುವುದರಿಂದ ಈ ಹೆಚ್ಚಿನ ಇಳಿತ. ಏಳದೆ ಇದ್ದರೂ 50 ಮೀಟರಿನವರೆಗೆ ಕಾಣುತ್ತದೆ. ತಾಸಿಗೆ 25 ಕಿಲೋಮೀಟರಿನಲ್ಲಿ ಟ್ರ್ಯಾಕ್ಟರು ಸೆಕೆಂಡಿಗೆ 7 ಮೀಟರು ಹೋಗುವುದರಿಂದ 7 ಸೆಕೆಂಡಿನ ಅವಕಾಶ ಸಿಗುತ್ತದೆ.

ಹಿಂದಿನ ಮಾತು

ಮುಂದಿನ ದೀಪಕ್ಕೆ ಖರ್ಚು ಮಾಡುವವರು ಹಿಂದಿನದನ್ನು ಮರೆಯುತ್ತಾರೆ. ತಾಸಿಗೆ 80 ಕಿಲೋಮೀಟರಿನಲ್ಲಿ ಬರುವ ಕಾರು ಸೆಕೆಂಡಿಗೆ 22 ಮೀಟರು ಓಡುತ್ತದೆ. ಡ್ರೈವರು ಕಂಡು, ಬ್ರೇಕು ಒತ್ತಿ, ನಿಲ್ಲಬೇಕಾದರೆ 70 ಮೀಟರಿಗೂ ಮೇಲೆ ಬೇಕು. ದೀಪವಿಲ್ಲದ ಟ್ರೇಲರು, ಅದರ ಮೇಲೆ ಒಣಗಿದ ರವದಿ, ಅವನ ಡಿಪ್ಪರಿನ ಬೆಳಕಿನಲ್ಲಿ ಅಷ್ಟು ದೂರದಿಂದ ಕಾಣುವುದಿಲ್ಲ. ತಮ್ಮ ಹೆಡ್‌ಲೈಟು ಎಷ್ಟು ಪ್ರಖರವಾಗಿದ್ದರೂ ಇಲ್ಲಿ ಉಪಯೋಗಕ್ಕೆ ಬಾರದು.

ಟ್ರೇಲರಿನ ಹಿಂಬದಿಗೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ ಪ್ರತಿಫಲನ ಪಟ್ಟಿ ಹಚ್ಚಿಸಿರಿ. ಇದನ್ನು ನಾವೆಲ್ಲ ರೇಡಿಯಂ ಎನ್ನುತ್ತೇವೆ. ಅದರಲ್ಲಿ ರೇಡಿಯಂ ಇಲ್ಲ, ತಾನಾಗಿ ಬೆಳಗುವುದೂ ಇಲ್ಲ, ಬಿದ್ದ ಬೆಳಕನ್ನು ಬಂದ ದಾರಿಗೇ ಮರಳಿಸುತ್ತದೆ. ಹಾಗಾಗಿ ಧೂಳು ಕೂತರೆ ಕೆಲಸ ಮಾಡದು. ಕಾಟಾದ ಮುಂದೆ ಪಾಳಿ ಕಾಯುವಾಗ ಒಂದು ಒದ್ದೆ ಅರಿವೆಯಿಂದ ಒರೆಸಬಹುದು. ಹಿಂದೆ ಜೋತುಬಿದ್ದ ಕಬ್ಬು ಪಟ್ಟಿಯನ್ನೂ ಕೆಂಪು ದೀಪವನ್ನೂ ಮುಚ್ಚದಂತೆ ಹೇರುವಾಗಲೇ ಮುಕಾದಮನಿಗೆ ಹೇಳಿರಿ. ಎರಡು ಟ್ರೇಲರು ಇದ್ದರೆ ದೀಪದ ವಾಯರು ಕೊನೆಯ ಟ್ರೇಲರಿನವರೆಗೆ ಹೋಗಿರಬೇಕು. ಟ್ರ್ಯಾಕ್ಟರಿನ ಹಿಂದಿನ ಬಿಳಿ ದೀಪ ನೇಗಿಲ ಕೆಲಸದ್ದು. ಅದನ್ನು ಹಚ್ಚಿಕೊಂಡು ರಸ್ತೆಯಲ್ಲಿ ಹೋದರೆ ಹಿಂದಿನವನು ಗಾಡಿ ತನ್ನ ಎದುರಿಗೇ ಬರುತ್ತಿದೆಯೆಂದು ತಿಳಿಯುತ್ತಾನೆ.

ಎತ್ತಿನ ಗಾಡಿಯವರು ಅಚ್ಚಿನ ಕೆಳಗೆ ಕಂದೀಲು ಕಟ್ಟುವುದು ಹಳೆಯ ಪದ್ಧತಿ. ಇಳಿಬಿದ್ದ ಕಬ್ಬು ಅದನ್ನು ಮರೆಮಾಡುತ್ತದೆ. ಗಾಡಿಯ ಹಿಂದೆ ಒಂದು ಮೊಳ ಕೆಂಪು ಪಟ್ಟಿ, ನೊಗಕ್ಕೂ ಎತ್ತಿನ ಕೋಡಿಗೂ ಬಿಳಿ ಪಟ್ಟಿ ಸುತ್ತಿದರೆ ಆಯಿತು.

ಪಂಕ್ಚರಾಗಿ ನಿಂತಾಗ ಟ್ರೇಲರಿನ ಹಿಂದೆ ಕಲ್ಲು ಇಡುವ ರೂಢಿಯಿದೆ. ಕಲ್ಲು ಕತ್ತಲೆಯಲ್ಲಿ ಯಾರಿಗೂ ಕಾಣುವುದಿಲ್ಲ, ಹೊರಡುವಾಗ ಅದನ್ನು ತೆಗೆಯುವವರೂ ಕಡಿಮೆ. ಹೊಳೆಯುವ ಕೆಂಪು ತ್ರಿಕೋನವನ್ನು ಡ್ರೈವರನ ಆಸನದ ಕೆಳಗೆ ಇಡಿಸಿ, ನಿಂತಾಗ ಅದನ್ನು ಕನಿಷ್ಠ 50 ಹೆಜ್ಜೆ ಹಿಂದೆ ಇಡಬೇಕೆಂದು ಅವನಿಗೆ ತೋರಿಸಿಕೊಡಿರಿ. ಗಾಲಿಗೆ ಕೊಟ್ಟ ಕಲ್ಲನ್ನು ಎತ್ತಿ ರಸ್ತೆಯ ಹೊರಗೆ ಹಾಕಿದ ಮೇಲೆಯೇ ಗಾಡಿ ಬಿಡಬೇಕು.