ಊರಿನ ಹೆಸರು, ಹಣ್ಣಿನ ರುಚಿ



ಸಂತೆಯಲ್ಲಿ ವ್ಯಾಪಾರಿಯು ಬಾಳೆಯ ಚಿಪ್ಪೊಂದನ್ನೆತ್ತಿ, “ಇದು ನಂಜನಗೂಡಿನ ರಸಬಾಳೆ, ಅಮ್ಮಾ” ಎಂದರೆ ಆ ಮಾತನ್ನು ನಾವು ಯಾವ ಆಧಾರದ ಮೇಲೆ ನಂಬಬೇಕು? ಊರೊಂದರ ಹೆಸರಿಗೆ ಬೆಲೆ ಬಂದೊಡನೆ ಆ ಹೆಸರನ್ನು ಅಪಹರಿಸುವವರೂ ಹುಟ್ಟಿಕೊಳ್ಳುವುದು ಲೋಕರೂಢಿ. ಇದರಿಂದ ಕೊಂಡವಳಿಗೆ ಮೋಸವೂ, ನಿಜವಾಗಿ ಬೆಳೆದವನಿಗೆ ನಷ್ಟವೂ ಆಗುವುವು.

ಈ ಅನ್ಯಾಯವನ್ನು ತಡೆಯಲು ಇತರ ದೇಶಗಳವರು ಬಹುಕಾಲದ ಹಿಂದೆಯೇ ಉಪಾಯವನ್ನು ಹುಡುಕಿದರು. ಫ್ರಾನ್ಸ್ ದೇಶದ ರೋಕ್‌ಫೋರ್ ಎಂಬ ಹಳ್ಳಿಯ ತಂಪಾದ ಗುಹೆಗಳಲ್ಲಿ ಕುರಿಯ ಹಾಲಿನ ಚೀಸು ಹದಗೊಳ್ಳುವುದು. ೧೯೨೫ರಲ್ಲಿ ಅಲ್ಲಿಯವರು ಕಾನೂನು ಮಾಡಿ ಆ ಹೆಸರನ್ನು ಅದಕ್ಕೇ ಮೀಸಲಾಗಿಟ್ಟರು. ನಮ್ಮ ದೇಶದಲ್ಲಿ ಭೌಗೋಳಿಕ ಸೂಚಕಗಳ ಕಾನೂನು ೧೯೯೯ರಲ್ಲಿ ಅಂಗೀಕೃತವಾಗಿ, ೨೦೦೩ನೆಯ ಸೆಪ್ಟೆಂಬರ್ ೧೫ರಿಂದ ಜಾರಿಗೆ ಬಂದಿತು. ೨೦೦೪ರಲ್ಲಿ ಡಾರ್ಜಿಲಿಂಗ್ ಚಹವು ಮೊದಲನೆಯದಾಗಿ ಈ ಗೌರವವನ್ನು ಪಡೆಯಿತು.

ಇದರ ಕ್ರಮವೇನೆಂದರೆ: ಬೆಳೆಗಾರರ ಸಂಘವಾಗಲಿ, ಅವರ ಹಿತವನ್ನು ನೋಡುವ ಅಧಿಕೃತ ಸಂಸ್ಥೆಯಾಗಲಿ ಚೆನ್ನೈಯಲ್ಲಿರುವ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಪದಾರ್ಥದ ಗುಣವಾಗಲಿ ಕೀರ್ತಿಯಾಗಲಿ ಆ ನೆಲದಿಂದಲೇ ಬಂದುದೆಂದು ತೋರಿಸಿ, ಸೀಮೆಯ ಎಲ್ಲೆಯನ್ನು ಗುರುತಿಸಬೇಕು. ಅನಂತರ ಆ ಸೀಮೆಯ ಬೆಳೆಗಾರರು ತಮ್ಮ ಹೆಸರುಗಳನ್ನು ನೋಂದಾಯಿಸಿಕೊಳ್ಳಬಹುದು. ನೋಂದಣಿಯು ೧೦ ವರ್ಷಗಳ ಅವಧಿಯದು. ಮತ್ತೆ ಮತ್ತೆ ನವೀಕರಿಸಿಕೊಳ್ಳಲು ಅವಕಾಶವುಂಟು. ಈ ಹಕ್ಕನ್ನು ಮಾರುವಂತಿಲ್ಲ, ಅಡವಿಡುವಂತೆಯೂ ಇಲ್ಲ. ಅದು ಒಬ್ಬ ಧನಿಕನ ಸ್ವತ್ತಲ್ಲ, ಸೀಮೆಯವರೆಲ್ಲರ ಸೊತ್ತು.

ನಂಜನಗೂಡಿನ ರಸಬಾಳೆಯೂ, ಮೈಸೂರಿನ ವೀಳ್ಯದೆಲೆಯೂ, ಕೊಡಗಿನ ಕಿತ್ತಳೆಯೂ, ಉಡುಪಿಯ ಮಟ್ಟು ಗುಳ್ಳವೂ, ಬ್ಯಾಡಗಿಯ ಮೆಣಸಿನಕಾಯಿಯೂ ಈ ಪಟ್ಟಿಯಲ್ಲಿ ಸೇರಿರುವುವು.

ಆದರೆ ಇಲ್ಲಿ ನಾವು ಆಲೋಚಿಸಬೇಕಾದ ಸಂಗತಿಯೊಂದುಂಟು. ಕಾನೂನು ಹೆಸರನ್ನು ಕಾಯುವುದೇ ಹೊರತು ಗಿಡವನ್ನು ಕಾಯಲಾರದು. ರಸಬಾಳೆಗೆ ಪನಾಮಾ ಸೊರಗುರೋಗವು ಪರಮಶತ್ರು. ಮಣ್ಣಿನಲ್ಲಿರುವ ಬೂಷ್ಟು ಬೇರಿನಿಂದ ಒಳಹೊಕ್ಕು ನೀರಿನ ನಾಳಗಳನ್ನು ಮುಚ್ಚಿಬಿಡಲು, ಎಲೆಗಳು ಹಳದಿಯಾಗಿ ಗಿಡವು ಸಾಯುವುದು. ರೋಗವುಳ್ಳ ತಾಯಿಯ ಕಂದನ್ನು ನೆಟ್ಟರೆ ರೋಗವೂ ಜೊತೆಯಲ್ಲಿ ಬರುವುದು. ಆ ಬೂಷ್ಟು ಮಣ್ಣಿನಲ್ಲಿ ಹಲವು ದಶಕಗಳವರೆಗೆ ಬದುಕಿರಬಲ್ಲುದು. ಈ ಕಾರಣದಿಂದ ಹಲವು ರೈತರು ರಸಬಾಳೆಯನ್ನು ತೊರೆದು ಬೇರೆ ಬೆಳೆಗಳಿಗೆ ತಿರುಗಿದರು. ಪ್ರಯೋಗಶಾಲೆಯಲ್ಲಿ ಅಂಗಾಂಶದಿಂದ ಬೆಳೆಸಿದ ನಿರ್ಮಲವಾದ ಸಸಿಗಳನ್ನು ಕೊಟ್ಟು ಈ ತಳಿಯನ್ನು ಉಳಿಸುವ ಯತ್ನವು ನಡೆದಿದೆ. ಆದರೂ ಮಣ್ಣಿನಲ್ಲಿಯೇ ಬೂಷ್ಟು ಉಳಿದಿದ್ದರೆ ಆ ಸಸಿಗೂ ರೋಗ ತಗಲಬಹುದಾದುದರಿಂದ, ನೆಲವನ್ನು ಆರಿಸುವುದರಲ್ಲಿಯೂ ಎಚ್ಚರಿಕೆ ಬೇಕು.

ಬೆಳೆಯುವವರೇ ಇಲ್ಲದ ಹಣ್ಣಿನ ಹೆಸರನ್ನು ಪುಸ್ತಕದಲ್ಲಿ ಬರೆದಿಟ್ಟು ಫಲವೇನು? ಆದುದರಿಂದ ಸೋದರಿಯರೇ, ಮುಂದೆ ಕೊಳ್ಳುವಾಗ, “ಇದು ಎಲ್ಲಿಯದು? ಯಾರು ಬೆಳೆದುದು?” ಎಂದು ಕೇಳಿರಿ. ನಿಜವಾದುದಕ್ಕೆ ನ್ಯಾಯವಾದ ಬೆಲೆಯನ್ನು ಕೊಡಿರಿ. ಆ ರುಚಿಯು ಮುಂದಿನವರಿಗೂ ಉಳಿಯಬೇಕಾದರೆ ಕಚೇರಿಯ ಮುದ್ರೆಯೊಂದೇ ಸಾಲದು. ರೈತನ ಶ್ರಮವೂ ಗೃಹಿಣಿಯ ವಿವೇಕವೂ ಅದರೊಡನೆ ಕೂಡಬೇಕು.